ಬಿಸಿ ಹತ್ತುವುದಕ್ಕೆ ಕೊಡುವ ಮಾತ್ರೆ ಎದೆಗೂ ಆಗುತ್ತಾ?

ಹೋದ ಸಂಚಿಕೆಯಲ್ಲಿ ಮುಟ್ಟು ನಿಂತ ಮೇಲಿನ ದಿನಗಳ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅದರಲ್ಲಿ ‘ಹಾರ್ಮೋನ್ ಮಾತ್ರೆ’ (ಮುಟ್ಟು ನಿಂತ ಮೇಲೆ ಕಡಿಮೆಯಾಗುವ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನನ್ನು ವಾಪಸ್ ಕೊಟ್ಟು, ಮೈ ಬಿಸಿಯೇರಿ ಬೆವರುವುದನ್ನು ತಗ್ಗಿಸುವ ಮಾತ್ರೆ) ಅಂತ ಒಂದೇ ಒಂದು ಸಲ ಬಂದಿತ್ತು, ಅಷ್ಟಕ್ಕೇ ಕಾಗದದ ಮೇಲೆ ಕಾಗದ, ಫೋನಿಗೆ ಮೆಸೇಜು. ಅರ್ಧ ಜನ ಅದು ವಿಷ ಅನ್ನುತ್ತಾರೆ. ಇನ್ನರ್ಧ ಜನ ತಗೊಂಡರೆ ಹಾರ್ಟ್ ಅಟ್ಯಾಕ್ ಬರುವುದಿಲ್ಲವಂತೆ ಹೌದಾ ಅಂತ ಕೇಳುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಪುಟ ಇದಕ್ಕೇ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 63 ವರ್ಷ. 49ಕ್ಕೆ ಮುಟ್ಟು ನಿಂತಿತು. ಬೆವರು, ಬಿಸಿ ಎಲ್ಲಾ ಆಗಲೇ ಬಂದು ಹೋಗಿದೆ, ಈಗ ಏನೂ ತೊಂದರೆ ಇಲ್ಲ. ಅಮೆರಿಕದಲ್ಲಿರುವ ನನ್ನ ತಂಗಿಗೆ 52, ಅವಳು ಹಾರ್ಮೋನ್ ತಗೊಳ್ಳುತ್ತಾಳೆ. ‘ಹೃದಯಕ್ಕೆ ಒಳ್ಳೆಯದು ಅಕ್ಕಾ, ನೀನೂ ಶುರು ಮಾಡು’ ಅಂತ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಾಳೆ. 2025ರಲ್ಲಿ ನಮ್ಮ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸುದ್ದಿಗಳನ್ನು ಟಿವಿಯಲ್ಲಿ ನೋಡಿದಾಗಿನಿಂದ ನನಗೂ ಭಯ. ಶುರು ಮಾಡಲಾ? (ಹಾಸನ)

ಉತ್ತರ: ಬೇಡಮ್ಮಾ. ಹೃದಯ ಕಾಪಾಡಲಿ ಅಂತ 63ರಲ್ಲಿ ಹಾರ್ಮೋನ್ ಶುರು ಮಾಡಬೇಡಿ. ನಿಮ್ಮ ತಂಗಿಗೆ ಬೆವರು ಕಿತ್ತುಕೊಂಡು ಬರುತ್ತಿರಬಹುದು, ಅದಕ್ಕೆ ಅಲ್ಲಿನ ಡಾಕ್ಟರ್ ಕೊಟ್ಟಿರುತ್ತಾರೆ. ಅವರ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ.

ಹಾಗಂತ ತಂಗಿಯನ್ನು ಬೈಯಲೂ ಬೇಡಿ. ಒಂದು ಕಾಲದಲ್ಲಿ ನಾವು ಡಾಕ್ಟರುಗಳೇ ಹೀಗೆ ಹೇಳುತ್ತಿದ್ದೆವು. ನಾನೂ ಹೇಳಿದ್ದೇನೆ, ಚೀಟಿಯಲ್ಲಿ ಬರೆದೂ ಕೊಟ್ಟಿದ್ದೇನೆ. ಮುಟ್ಟು ಇರುವಷ್ಟು ಕಾಲ ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಕಡಿಮೆ, ಗಂಡಸರಿಗಿಂತ ಸುಮಾರು ಹತ್ತು ವರ್ಷ ತಡವಾಗಿ ಬರುತ್ತದೆ. ಮುಟ್ಟು ನಿಂತ ಮೇಲೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಸೊಂಟ ತೊಡೆಯಲ್ಲಿದ್ದ ಬೊಜ್ಜು ಹೊಟ್ಟೆಗೆ ಬಂದು ಕೂರುತ್ತದೆ, ಬಿಪಿಯೂ ಜೊತೆಗೂಡುತ್ತದೆ. ಹಾಗಾದರೆ ಕಡಿಮೆಯಾದ ಈಸ್ಟ್ರೋಜನ್ನನ್ನು ಮಾತ್ರೆಯಲ್ಲಿ ವಾಪಸ್ ಕೊಟ್ಟರೆ ಆಯಿತಲ್ಲ? ಇದು ಯಾರಿಗಾದರೂ ಹೊಳೆಯುವ ಮಾತು. ಅಮೆರಿಕದಲ್ಲಿ 1976ರಿಂದ ಲಕ್ಷಕ್ಕೂ ಜಾಸ್ತಿ ನರ್ಸುಗಳ ಆರೋಗ್ಯದ ಲೆಕ್ಕ ಇಡುತ್ತಾ ಬಂದಿದ್ದರು. ಹಾರ್ಮೋನ್ ತಗೊಂಡ ನರ್ಸುಗಳಿಗೆ ಹೃದಯದ ಕಾಯಿಲೆ ಹೆಚ್ಚುಕಡಿಮೆ ಅರ್ಧದಷ್ಟು ಅಂತ ಅದರಲ್ಲಿ ಕಂಡಿತು. ಇನ್ನೇನು ಬೇಕು?

ಆದರೆ ಮಹಾರಾಜ ಪಾರ್ಕಿಗೆ ಬೆಳಗ್ಗೆ ಆರಕ್ಕೆ ಬರುವವರನ್ನು ನೆನೆಸಿಕೊಳ್ಳಿ. ನಾಲ್ಕು ಸುತ್ತು ನಡೆದು, ಹೊರಗೆ ಬಂದು ಬೂದುಗುಂಬಳದ ಜ್ಯೂಸ್ ಕುಡಿಯುತ್ತಾರೆ. ಇವರ ಲೆಕ್ಕ ತೆಗೆದರೆ ಜ್ಯೂಸ್ ಕುಡಿಯುವವರ ಶುಗರ್, ಬಿಪಿ ಎಲ್ಲಾ ಕುಡಿಯದವರಿಗಿಂತ ಚೆನ್ನಾಗಿಯೇ ಇರುತ್ತದೆ. ಅದು ಜ್ಯೂಸಿನಿಂದಾ, ನಡೆದಿದ್ದರಿಂದಾ, ಅಥವಾ ಬೆಳಗ್ಗೆ ಆರಕ್ಕೆ ಪಾರ್ಕಿಗೆ ಬರುವಷ್ಟು ಪುರುಸೊತ್ತು, ದುಡ್ಡು, ಕಾಳಜಿ ಇದ್ದಿದ್ದರಿಂದಾ? ಹಾರ್ಮೋನ್ ತಗೊಳ್ಳುತ್ತಿದ್ದ ಹೆಂಗಸರ ಕಥೆಯೂ ಇದೇ. ಅವರು ಮೊದಲಿಂದಲೇ ಡಾಕ್ಟರ ಹತ್ತಿರ ಹೋಗುವವರು, ಮೈ ನೋಡಿಕೊಳ್ಳುವವರು.

ಸರಿಯಾಗಿ ತಿಳಿಯಬೇಕು ಅಂದರೆ ಚೀಟಿ ಎತ್ತಿದ ಹಾಗೆ ಹಂಚಬೇಕು. ಅಮೆರಿಕ ಸರ್ಕಾರ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಂತ ಅದನ್ನೇ ಮಾಡಿತು. ಗರ್ಭಕೋಶ ಇದ್ದ 16,608 ಹೆಂಗಸರಲ್ಲಿ ಅರ್ಧ ಜನಕ್ಕೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಗರ್ಭಕೋಶದ ಒಳಪದರ ಕಾಯುವ, ಪ್ರೊಜೆಸ್ಟರಾನ್ ಥರದ ಇನ್ನೊಂದು ಹಾರ್ಮೋನ್) ಸೇರಿದ ಮಾತ್ರೆ, ಉಳಿದವರಿಗೆ ನೋಡಲು ಅದೇ ಥರ ಇದ್ದ ಖಾಲಿ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಅಂತ ನುಂಗಿದವರಿಗೂ ಗೊತ್ತಿಲ್ಲ. ಎಂಟೂವರೆ ವರ್ಷ ನಡೆಸಬೇಕು ಅಂದುಕೊಂಡಿದ್ದನ್ನು ಐದು ವರ್ಷ ಚಿಲ್ಲರೆಗೆ, 2002ರ ಜುಲೈನಲ್ಲಿ ನಿಲ್ಲಿಸಿಬಿಟ್ಟರು. ಹೃದಯ ಕಾಪಾಡುತ್ತದೆ ಅಂದಿದ್ದ ಮಾತ್ರೆ ತಗೊಂಡವರಲ್ಲೇ ಹಾರ್ಟ್ ಅಟ್ಯಾಕ್ ಸ್ವಲ್ಪ ಜಾಸ್ತಿ ಇತ್ತು, ಲಕ್ವ ಜಾಸ್ತಿ, ಕಾಲಿನಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ, ಸ್ತನ ಕ್ಯಾನ್ಸರೂ ಜಾಸ್ತಿ. ಆ ಹೆಂಗಸರ ಸರಾಸರಿ ವಯಸ್ಸು ಎಷ್ಟು ಗೊತ್ತಾ? 63. ನಿಮ್ಮದೇ ವಯಸ್ಸು. ಅದಕ್ಕೇ ನಿಮಗೆ ಇಷ್ಟು ಖಡಾಖಂಡಿತವಾಗಿ ಬೇಡ ಅನ್ನುತ್ತಿದ್ದೇನೆ.

ಇನ್ನು ಆಗಲೇ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಈ ಆಸೆಯನ್ನೇ ಬಿಡಬೇಕು. 1998ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಹೃದಯದ ಕಾಯಿಲೆ ಇದ್ದ 2,763 ಹೆಂಗಸರನ್ನು ನಾಲ್ಕು ವರ್ಷ ನೋಡಿದ್ದರು. ಒಟ್ಟಿನಲ್ಲಿ ಲಾಭ ಸೊನ್ನೆ, ಮೊದಲನೇ ವರ್ಷದಲ್ಲಂತೂ ಹಾರ್ಟ್ ಅಟ್ಯಾಕ್ ಜಾಸ್ತಿಯೇ ಆಯಿತು.

ಹಾಸನದ ಭಯದ ಬಗ್ಗೆಯೂ ಒಂದು ಮಾತು. 2025ರ ಜೂನ್ ಜುಲೈನಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಜಾಸ್ತಿ ಸಾವು ಅಂತ ಸುದ್ದಿಯಾಗಿ, ನಮ್ಮ ಜನ ರಾತ್ರಿ ಬಸ್ಸು ಹಿಡಿದು ಮೈಸೂರಿನ ಜಯದೇವದ ಮುಂದೆ ಸಾಲು ನಿಂತಿದ್ದು ನೆನಪಿದೆಯಲ್ಲ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳತ್ವದಲ್ಲಿ ತಜ್ಞರ ತಂಡ ಮಾಡಿತು. ಅವರು 24 ಸಾವುಗಳನ್ನು ಪರಿಶೀಲಿಸಿ, ಜಿಲ್ಲೆಯಲ್ಲಿ ಹೃದಯಾಘಾತ ಏಕಾಏಕಿ ಏರಿದೆ ಅನ್ನುವುದಕ್ಕೆ ಆಧಾರ ಇಲ್ಲ ಅಂದರು. ಹಳೆಯ ಕಾರಣಗಳೇ: ಬಿಪಿ, ಶುಗರ್, ಸಿಗರೇಟು, ಕುಡಿತ. ನೀವು ಮಾಡಬೇಕಾದ್ದು ಇಷ್ಟೇ, ಬಿಪಿ ನೋಡಿಸಿ, ಶುಗರ್ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆಗೆ ರಕ್ತ ಕೊಡಿ. ಕಾಗದದಲ್ಲಿ ಹಾರ್ಮೋನ್ ಬಗ್ಗೆ ಎರಡು ಪುಟ ಬರೆದಿದ್ದೀರಿ, ಬಿಪಿ ಎಷ್ಟಿದೆ ಅಂತ ಒಂದು ಸಾಲೂ ಇಲ್ಲ!

ಪ್ರಶ್ನೆ: ನಮ್ಮದು ಕಾಫಿ ತೋಟ. ನನಗೆ 50. ಮುಟ್ಟು ನಿಂತು ಒಂದೂವರೆ ವರ್ಷ. ದಿನಕ್ಕೆ ಎಂಟು ಹತ್ತು ಸಲ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬೆಂಕಿ ಏರಿದ ಹಾಗಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಆಳುಗಳೆಲ್ಲ ಕಂಬಳಿ ಹೊದ್ದು ಕಣದಲ್ಲಿ ನಿಂತಿದ್ದರೆ ನಾನು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿರುತ್ತೇನೆ. ರಾತ್ರಿ ನಿದ್ದೆ ಇಲ್ಲ. ಡಾಕ್ಟರು ಹಾರ್ಮೋನ್ ಬರೆದುಕೊಟ್ಟು ಎರಡು ತಿಂಗಳಾಯಿತು. ಹಾರ್ಟಿಗೂ ಕ್ಯಾನ್ಸರಿಗೂ ಹೆದರಿ ಮಾತ್ರೆಯನ್ನು ಬೀರುವಿನಲ್ಲಿ ಇಟ್ಟಿದ್ದೇನೆ. (ಮೂಡಿಗೆರೆ)

ಉತ್ತರ: ಬೀರುವಿನಿಂದ ತೆಗೆಯುವ ಮೊದಲು ಒಂದು ಕಥೆ ಕೇಳಿ. 2002ರ ಜುಲೈನಲ್ಲಿ ಆ ಸುದ್ದಿ ಬಂದಾಗ ನನಗೆ 48. ನಾನೂ ಅದೇ ಬಗೆಯ ಮಾತ್ರೆ ನುಂಗುತ್ತಿದ್ದೆ. (ಬಸುರಿ ಕುದುರೆಗಳ ಉಚ್ಚೆಯಿಂದ ತೆಗೆದ ಈಸ್ಟ್ರೋಜನ್ ಅದು, ತಮಾಷೆಯಲ್ಲ, ನಿಜ. ನಮ್ಮತ್ತೆಗೆ ಮಾತ್ರ ಹೇಳಿರಲಿಲ್ಲ.) ಪೇಪರ್ ಓದಿದ ದಿನವೇ ಉಳಿದ ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದೆ. ಆಮೇಲೆ ಮೂರು ವರ್ಷ ನಡುಮನೆಯ ಕೆಂಪು ಕಾವಿ ನೆಲದ ಮೇಲೆ ಚಾಪೆಯೂ ಇಲ್ಲದೆ ಮಲಗಿದೆ. ಒಂದು ಕಡೆ ನೆಲ ಬೆಚ್ಚಗಾದರೆ ಪಕ್ಕಕ್ಕೆ ಉರುಳುವುದು, ಅದೂ ಬೆಚ್ಚಗಾದರೆ ಇನ್ನೊಂದು ಪಕ್ಕ. ಬೆಳಗಾಗುವ ಹೊತ್ತಿಗೆ ಬಾಗಿಲ ಹತ್ತಿರ ಇರುತ್ತಿದ್ದೆ. ಹಗಲು ನಿದ್ದೆಗಣ್ಣಿನಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಈಗ ನೋಡಿದರೆ ಅದು ಬೇಕಿರಲಿಲ್ಲ.

ಯಾಕೆ ಅಂದರೆ ಆ ಸುದ್ದಿಯ ಒಳಗಿನ ಲೆಕ್ಕವನ್ನು ನಾವು ಆಗ ಸರಿಯಾಗಿ ಓದಲಿಲ್ಲ. ಪೇಪರಿನಲ್ಲಿ ಬಂದಿದ್ದು ‘ಸ್ತನ ಕ್ಯಾನ್ಸರ್ ಶೇಕಡ 26 ಜಾಸ್ತಿ’. ಒಳಗೆ ಇದ್ದದ್ದು ಏನು? ಒಂದು ವರ್ಷದಲ್ಲಿ 10,000 ಹೆಂಗಸರಲ್ಲಿ, ಖಾಲಿ ಮಾತ್ರೆ ತಗೊಂಡವರಲ್ಲಿ 30 ಜನಕ್ಕೆ ಬಂದಿತ್ತು, ಹಾರ್ಮೋನ್ ತಗೊಂಡವರಲ್ಲಿ 38 ಜನಕ್ಕೆ. ಹೃದಯದ ತೊಂದರೆ 30ಕ್ಕೆ 37. ಲಕ್ವ 21ಕ್ಕೆ 29. ಆ ಎಂಟು ಜನ ಲೆಕ್ಕಕ್ಕಿಲ್ಲ ಅಂತ ನಾನು ಹೇಳುವುದಿಲ್ಲ, ಅದರಲ್ಲಿ ಒಬ್ಬರು ನಮ್ಮ ಮನೆಯವರಾದರೆ ಗೊತ್ತಾಗುತ್ತದೆ. ಆದರೆ ಮಾತ್ರೆ ನುಂಗಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತ ನಮ್ಮೂರಲ್ಲಿ ಹಬ್ಬಿದ ಮಾತಿಗೂ ಈ ಲೆಕ್ಕಕ್ಕೂ ಸಂಬಂಧ ಇಲ್ಲ.

ಎರಡನೆಯದು ವಯಸ್ಸು. ಆ ಅಧ್ಯಯನದಲ್ಲಿ 79 ವರ್ಷದವರವರೆಗೂ ಇದ್ದರು. 2007ರಲ್ಲಿ ಅದೇ ಲೆಕ್ಕವನ್ನು ಮುಟ್ಟು ನಿಂತು ಎಷ್ಟು ವರ್ಷವಾಯಿತು ಅಂತ ಬಿಡಿಸಿ ನೋಡಿದರು. ಹತ್ತು ವರ್ಷದ ಒಳಗೆ ಶುರು ಮಾಡಿದವರಲ್ಲಿ ಹಾರ್ಟ್ ಅಟ್ಯಾಕ್ ಜಾಸ್ತಿಯಾಗಿರಲಿಲ್ಲ, ಸ್ವಲ್ಪ ಕಡಿಮೆಯ ಕಡೆಗೇ ವಾಲಿತ್ತು. 20 ವರ್ಷ ದಾಟಿದ ಮೇಲೆ ಶುರು ಮಾಡಿದವರಲ್ಲಿ ಜಾಸ್ತಿ. 2016ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 643 ಹೆಂಗಸರ ಕತ್ತಿನ ರಕ್ತನಾಳದ ಗೋಡೆಯನ್ನು ಅಳೆದರು. ಮುಟ್ಟು ನಿಂತು ಆರು ವರ್ಷದ ಒಳಗಿನವರಲ್ಲಿ ಹಾರ್ಮೋನಿನಿಂದ ಗೋಡೆ ದಪ್ಪವಾಗುವುದು ನಿಧಾನವಾಯಿತು, ಹತ್ತು ವರ್ಷ ದಾಟಿದವರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ.

ನೀವು ತೋಟದವರು, ನಿಮಗೆ ಇದು ಹೇಳಿಕೊಡಬೇಕಾ? ಅಡಿಕೆಗೆ ಬೋರ್ಡೋ ಯಾವಾಗ ಹೊಡೆಯುತ್ತೀರಿ? ಮಳೆ ಹಿಡಿಯುವ ಮುಂಚೆ. ಕೊಳೆ ಹತ್ತಿ ಕಾಯಿ ಉದುರಲು ಶುರುವಾದ ಮೇಲೆ ಮೈಲುತುತ್ತ ಸುಣ್ಣ ಎಷ್ಟು ಕಲಸಿದರೂ ದಂಡ. ಇಲ್ಲಿ ದಂಡ ಮಾತ್ರ ಅಲ್ಲ, ಹಾನಿಯೂ ಇದೆ. ರಕ್ತನಾಳದಲ್ಲಿ ಹಳೆಯ ಕೊಬ್ಬಿನ ಗಂಟು ಕಟ್ಟಿದ ಮೇಲೆ ಈಸ್ಟ್ರೋಜನ್ ಬಂದರೆ ಆ ಗಂಟು ಒಡೆದು ರಕ್ತ ಹೆಪ್ಪುಗಟ್ಟುವ ಸಂಭವ ಇದೆ ಅಂತ ತಜ್ಞರು ವಿವರಿಸುತ್ತಾರೆ.

ಹಾಗಾಗಿ ನಿಮ್ಮ ವಿಷಯ: 60ರ ಒಳಗಿದ್ದೀರಿ, ಮುಟ್ಟು ನಿಂತು ಹತ್ತು ವರ್ಷ ಆಗಿಲ್ಲ, ನಿದ್ದೆ ಕೆಡುವಷ್ಟು ಕಷ್ಟ ಇದೆ. ಸ್ತನ ಕ್ಯಾನ್ಸರ್ ಆಗಿಲ್ಲ, ಹಾರ್ಟ್ ಅಟ್ಯಾಕ್, ಲಕ್ವ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇಲ್ಲ, ಲಿವರ್ ಕಾಯಿಲೆ ಇಲ್ಲ, ಮುಟ್ಟು ನಿಂತ ಮೇಲೆ ಕಾರಣ ಗೊತ್ತಿಲ್ಲದ ರಕ್ತಸ್ರಾವ ಇಲ್ಲ ಅಂತಾದರೆ ನಿಮ್ಮ ಡಾಕ್ಟರು ಬರೆದಿದ್ದು ಸರಿಯೇ. ಬಿಸಿ ಹತ್ತುವುದು ಇದರಲ್ಲಿ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ, ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧಿ ಇಲ್ಲ. ಗರ್ಭಕೋಶ ಇರುವುದರಿಂದ ಈಸ್ಟ್ರೋಜನ್ ಒಂದನ್ನೇ ತಗೊಳ್ಳಬಾರದು, ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಇಲ್ಲದಿದ್ದರೆ ಗರ್ಭಕೋಶದ ಒಳಪದರ ಬೆಳೆದು ಅಲ್ಲಿ ಕ್ಯಾನ್ಸರ್ ಆಗಬಹುದು. ನಿಮ್ಮ ಚೀಟಿಯಲ್ಲಿ ಎರಡೂ ಇದೆಯಾ ನೋಡಿ. ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಆಗುತ್ತಾ ಅಂತಲೂ ಕೇಳಿ. ಅದು ಹೊಟ್ಟೆಗೆ ಹೋಗಿ ಲಿವರ್ ದಾಟಿ ಬರುವುದಿಲ್ಲವಾದ್ದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ದಪ್ಪಗಿರುವವರಿಗೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಜಾಸ್ತಿ ಇರುವವರಿಗೆ ನಾನು ಜೆಲ್ಲನ್ನೇ ಹೇಳುತ್ತೇನೆ.

ತಗೊಳ್ಳುವುದಾದರೆ ಬೆಂಕಿ ಏರುವುದಕ್ಕೆ ಅಂತ ತಗೊಳ್ಳಿ. ಹೃದಯಕ್ಕೂ ಆಯಿತು ಅಂತ ಬಿಪಿ ಮಾತ್ರೆ ಬಿಟ್ಟೀರಿ ಮತ್ತೆ!

ಪ್ರಶ್ನೆ: ನನಗೀಗ 38. ನಾಲ್ಕು ವರ್ಷದ ಹಿಂದೆ ಬಿಳಿ ಮುಟ್ಟು, ಸೊಂಟ ನೋವು ಅಂತ ಒಂದು ಆಸ್ಪತ್ರೆಗೆ ಹೋಗಿದ್ದಕ್ಕೆ ಮುಂದೆ ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿ ಗರ್ಭಕೋಶ ತೆಗೆದರು. ಆಮೇಲಿಂದ ಮೈ ಬಿಸಿ, ಕೀಲು ನೋವು, ಸಿಟ್ಟು. ಯಾರೂ ಯಾವ ಮಾತ್ರೆಯನ್ನೂ ಕೊಟ್ಟಿಲ್ಲ. ಹಾರ್ಮೋನ್ ತಗೊಂಡರೆ ಎದೆಗೆ ಕೆಟ್ಟದ್ದು ಅಂತ ಅಕ್ಕ ಹೇಳುತ್ತಾಳೆ. (ಕಡೂರು)

ಉತ್ತರ: ತಂಗೀ, ಇಡೀ ಕಟ್ಟಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿನ್ನ ಕಾಗದ. ಬಿಳಿ ಮುಟ್ಟಿಗೆ, ಸೊಂಟ ನೋವಿಗೆ ಗರ್ಭಕೋಶ ತೆಗೆಯುವುದು ಅಂದರೆ ಸೋರುವ ಹೆಂಚಿಗೆ ಮನೆ ಕೆಡವಿದ ಹಾಗೆ. ಬಯಲುಸೀಮೆಯ ಕಡೆಯಿಂದ ಬರುವ, ಇನ್ನೂ 40 ಆಗದ ಎಷ್ಟೋ ಹೆಂಗಸರ ಹೊಟ್ಟೆಯ ಮೇಲೆ ಆ ಗಾಯದ ಗೆರೆ ನೋಡಿದ್ದೇನೆ.

ಮೊದಲು ಒಂದು ಕೆಲಸ ಮಾಡು. ಟ್ರಂಕಿನಲ್ಲೋ ಬೀರುವಿನಲ್ಲೋ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇರುತ್ತದೆ, ಹುಡುಕು. ಆಪರೇಷನ್ ಹೆಸರಿನ ಸಾಲಿನಲ್ಲಿ ‘ಬಿಎಸ್‌ಒ’ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಎರಡೂ ಕಡೆಯ ಅಂಡಾಶಯವನ್ನೂ ತೆಗೆದಿದ್ದಾರೆ ಅಂತ ಅರ್ಥ. ಆ ಕಾಗದ ಸಿಗದಿದ್ದರೆ ಬಯಾಪ್ಸಿ ರಿಪೋರ್ಟಿನಲ್ಲೂ ಏನೇನು ಕಳಿಸಿದ್ದರು ಅಂತ ಬರೆದಿರುತ್ತದೆ. ಗರ್ಭಕೋಶ ಒಂದೇ ಹೋಗಿ ಅಂಡಾಶಯ ಉಳಿದಿದ್ದರೆ ಹಾರ್ಮೋನ್ ಅಲ್ಲಿಂದ ಬರುತ್ತಿರುತ್ತದೆ, ಆದರೂ ಕೆಲವರಿಗೆ ಬೇಗ ಬತ್ತುತ್ತದೆ. ಎರಡೂ ಹೋಗಿದ್ದರೆ ಸಾಮಾನ್ಯವಾಗಿ ನಿಧಾನವಾಗಿ ಆಗಬೇಕಾದ್ದು ನಿನಗೆ ಒಂದೇ ದಿನದಲ್ಲಿ, ಆಪರೇಷನ್ ಟೇಬಲ್ ಮೇಲೆ ಆಗಿಹೋಗಿದೆ.

ನಮ್ಮ ದೇಶದಲ್ಲಿ ಸಹಜವಾಗಿ ಮುಟ್ಟು ನಿಲ್ಲುವುದು ಸರಾಸರಿ 46, 47ಕ್ಕೆ. ಅಂಡಾಶಯವೂ ಹೋಗಿದ್ದರೆ ನಿನಗೆ ಹನ್ನೆರಡು ಹದಿಮೂರು ವರ್ಷ ಮುಂಚೆ ನಿಂತ ಹಾಗೆ. ಹೀಗಾದವರಿಗೆ ಹೃದಯದ ಕಾಯಿಲೆಯೂ ಮೂಳೆ ಸವೆತವೂ ಬೇಗ ಬರುತ್ತವೆ. ಹಾಗಿದ್ದರೆ ಅಕ್ಕ ಹೇಳುವುದು ನಿನ್ನ ವಿಷಯದಲ್ಲಿ ತಿರುಗಾಮುರುಗಾ. ನಿನಗೆ ಹಾರ್ಮೋನ್ ಕೊಡದಿರುವುದೇ ಎದೆಗೆ ಕೆಟ್ಟದ್ದು. ಮೇಲೆ ಹೇಳಿದ ಅಧ್ಯಯನಗಳು ಬಹುತೇಕ 50 ದಾಟಿದವರದ್ದು, ಅವು ನಿನಗೆ ಅನ್ವಯ ಆಗುವುದಿಲ್ಲ. ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ ಸುಮಾರು 50 ವರ್ಷದವರೆಗೆ ಈಸ್ಟ್ರೋಜನ್ ಕೊಡಬೇಕು ಅನ್ನುವುದೇ ಎಲ್ಲ ಕಡೆಯ ತಜ್ಞರ ಸಲಹೆ. ಇಲ್ಲದ್ದನ್ನು ಜಾಸ್ತಿ ಕೊಡುತ್ತಿಲ್ಲ, ಇರಬೇಕಾದ್ದನ್ನು ವಾಪಸ್ ಕೊಡುತ್ತಿದ್ದೇವೆ ಅಷ್ಟೇ. ಗರ್ಭಕೋಶ ಇಲ್ಲದ್ದರಿಂದ ಪ್ರೊಜೆಸ್ಟರಾನ್ ಸಾಮಾನ್ಯವಾಗಿ ಬೇಕಿಲ್ಲ. ಈ ವಾರವೇ ಆ ಸಮ್ಮರಿ ಹಿಡಿದುಕೊಂಡು ಜಿಲ್ಲಾಸ್ಪತ್ರೆಯ ಹೆರಿಗೆ ವಿಭಾಗದ ಡಾಕ್ಟರನ್ನು ನೋಡು. ಅಕ್ಕನನ್ನೂ ಕರೆದುಕೊಂಡು ಹೋಗು.

ಪ್ರಶ್ನೆ: ವಯಸ್ಸು 57, ಶುಗರ್ ಇದೆ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಏರು ಹತ್ತುವಾಗ ಬೆನ್ನಿನ ಮಧ್ಯೆ ಉರಿ, ದವಡೆ ಬಿಗಿದ ಹಾಗೆ, ನಿಂತರೆ ಹೋಗುತ್ತದೆ. ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕುಡಿಯುತ್ತಿದ್ದೇನೆ. ಮುಟ್ಟು ನಿಂತ ಮೇಲೆ ಹೀಗೆ ಆಗುತ್ತದಂತೆ, ಹಾರ್ಮೋನ್ ತಗೊಂಡರೆ ಸರಿಹೋಗುತ್ತಾ? (ಸಕಲೇಶಪುರ)

ಉತ್ತರ: ಈ ಪತ್ರಿಕೆ ನಿಮ್ಮ ಕೈಗೆ ಬರುವವರೆಗೆ ಕಾಯಬಾರದು ಅಂತ ನಿಮಗೆ ಫೋನ್ ಮಾಡಿಸಿದ್ದೇವೆ. ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಡೆದರೆ ಬರುವುದು, ನಿಂತರೆ ಹೋಗುವುದು. ಇದು ಗ್ಯಾಸಿನ ನಡತೆ ಅಲ್ಲ, ಹೃದಯದ ರಕ್ತನಾಳದ ನಡತೆ. ಎಡ ಎದೆ ಹಿಡಿದುಕೊಂಡು ಕುಸಿಯುವ ಸಿನಿಮಾ ಹಾರ್ಟ್ ಅಟ್ಯಾಕ್ ಹೆಂಗಸರಿಗೂ ಬರುತ್ತದೆ, ಆದರೆ ಎಷ್ಟೋ ಸಲ ದವಡೆ, ಬೆನ್ನು, ಭುಜ, ವಾಂತಿ, ಉಬ್ಬಸ, ಕಾರಣ ಇಲ್ಲದ ಸುಸ್ತು, ತಣ್ಣನೆ ಬೆವರು ಅಂತ ವೇಷ ಹಾಕಿಕೊಂಡು ಬರುತ್ತದೆ. ಶುಗರ್ ಇದ್ದವರಿಗೆ ನೋವೇ ಗೊತ್ತಾಗದೆಯೂ ಹೋಗಬಹುದು. ಬಿಸಿ ಹತ್ತುವ ಬೆವರಿಗೂ ಇದಕ್ಕೂ ವ್ಯತ್ಯಾಸ ಇದೆ. ಅದು ಸುಮ್ನೆ ಕೂತಾಗಲೂ ಏರಿ ನಾಲ್ಕೈದು ನಿಮಿಷದಲ್ಲಿ ಇಳಿಯುತ್ತದೆ, ಮೈ ಬೆಚ್ಚಗಿರುತ್ತದೆ. ಇದರಲ್ಲಿ ಮೈ ತಣ್ಣಗೆ ಅಂಟಂಟಾಗುತ್ತದೆ.

ನಾನೇ ಒಮ್ಮೆ ಎಡವಿದ್ದೇನೆ. ಎಷ್ಟೋ ವರ್ಷದ ಹಿಂದೆ, ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತು, 55ರ ಹೆಂಗಸೊಬ್ಬರು ಕೆಳದವಡೆ ಹಿಡಿದುಕೊಂಡು ಬಂದರು. ಬಾಯಿ ತೆಗೆಸಿ ನೋಡಿದೆ, ಒಂದು ಹುಳುಕು ಹಲ್ಲು ಇತ್ತು. ಹಲ್ಲಿನ ಡಾಕ್ಟರಿಗೆ ಚೀಟಿ ಬರೆದು ಕಳಿಸಿದೆ. ಇಸಿಜಿ ಯಂತ್ರ ಪಕ್ಕದ ಕೋಣೆಯಲ್ಲೇ ಇತ್ತು. ಅವರು ಬದುಕಿದರು, ಆದರೆ ಹೃದಯ ಅರ್ಧ ಸೋತುಹೋಗಿತ್ತು. ಆಮೇಲೆ ಪ್ರತಿ ಸಲ ನನ್ನ ಹತ್ತಿರ ಬಂದಾಗ ಆರು ಮೆಟ್ಟಿಲು ಹತ್ತಲು ಎರಡು ಸಲ ಕೂರುತ್ತಿದ್ದರು. ನನ್ನನ್ನು ಒಂದು ದಿನವೂ ಬೈಯಲಿಲ್ಲ.

ಆದ್ದರಿಂದ ಇಂಥ ನೋವು ಇದ್ದರೆ ಮೊದಲು ಇಸಿಜಿ. ಒಂದು ಇಸಿಜಿ ಸರಿ ಇದೆ ಅಂದ ಮಾತ್ರಕ್ಕೆ ಮುಗಿಯಲಿಲ್ಲ, ಟ್ರೋಪೋನಿನ್ ರಕ್ತ ಪರೀಕ್ಷೆ, ಎಕೋ, ಟ್ರೆಡ್‌ಮಿಲ್ ಬೇಕಾ ಅಂತ ಡಾಕ್ಟರ್ ನೋಡುತ್ತಾರೆ. ಸುಮ್ನೆ ಕೂತಾಗಲೂ ನೋವು ಬಂದು ಹೋಗದಿದ್ದರೆ 108. ಸ್ವಂತ ಗಾಡಿ ಓಡಿಸಬೇಡಿ. ಹಾಸನಕ್ಕೇ ಹೋಗೋಣ, ಮಂಗಳೂರಿಗೇ ಹೋಗೋಣ ಅಂತ ಮನೆಯಲ್ಲಿ ಪಂಚಾಯಿತಿ ಮಾಡುತ್ತಾ ಕೂರಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹಾರ್ಟ್ ಅಟ್ಯಾಕ್ ಅಂತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ. ಹತ್ತಿರದ್ದಕ್ಕೆ ಮೊದಲು ಹೋಗಿ, ದೊಡ್ಡದಕ್ಕೆ ಆಮೇಲೆ.

ಹಾರ್ಮೋನ್ ವಿಷಯ ಕೇಳಿದ್ದೀರಿ. ಈ ಲಕ್ಷಣ ಇರುವವರಿಗೆ ಅದರ ಮಾತೇ ಇಲ್ಲ.

ಪ್ರಶ್ನೆ: ಹೇಳಲು ನಾಚಿಕೆ. 60 ದಾಟಿದೆ. ಕೆಳಗೆ ಒಣಗಿ ಉರಿ, ಪದೇ ಪದೇ ಉರಿಮೂತ್ರ. ಡಾಕ್ಟರಮ್ಮ ಒಳಗೆ ಹಚ್ಚಲು ಈಸ್ಟ್ರೋಜನ್ ಕ್ರೀಮ್ ಕೊಟ್ಟರು. ನನಗೆ ಬಿಪಿ ಇದೆ, ಹಚ್ಚಿದರೆ ಹೃದಯಕ್ಕೆ ಏನಾದರೂ ಆಗುತ್ತಾ? (ಬೇಲೂರು)

ಉತ್ತರ: ನಾಚಿಕೆ ಯಾಕೆ? ಇದೇ ಪ್ರಶ್ನೆಯ ಇನ್ನೂ ಆರು ಕಾಗದ ಇಲ್ಲಿವೆ. ಹಚ್ಚಿ. ಅದರ ಪ್ರಮಾಣ ತೀರಾ ಕಡಿಮೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ನುಂಗುವ ಮಾತ್ರೆಯ ಭಯವನ್ನು ಇದಕ್ಕೆ ಹೊರಿಸಬೇಡಿ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಹಚ್ಚಬೇಕು. ರಕ್ತ ಕಂಡರೆ ತಕ್ಷಣ ತೋರಿಸಿ.

ಪ್ರಶ್ನೆ: ‘ನ್ಯಾಚುರಲ್ ಹಾರ್ಮೋನ್, ಸೈಡ್ ಎಫೆಕ್ಟ್ ಇಲ್ಲ, ಹಾರ್ಟಿಗೂ ಒಳ್ಳೆಯದು’ ಅಂತ ಒಬ್ಬರು ಮನೆಗೇ ತಂದು ಪುಡಿ ಮಾರುತ್ತಾರೆ. ಸೋಯಾ, ಅಗಸೆ, ಶತಾವರಿ ಇದೆಯಂತೆ. ಡಬ್ಬಕ್ಕೆ 2,400 ರೂಪಾಯಿ. (ಚನ್ನರಾಯಪಟ್ಟಣ)

ಉತ್ತರ: ಅಗಸೆ ಬೀಜ ಬೇಕಾದರೆ ಸಂತೆಯಲ್ಲಿ ತಂದು ಹುರಿದು ಚಟ್ನಿಪುಡಿ ಮಾಡಿಕೊಳ್ಳಿ, ಸೋಯಾ ಕಾಳಿನ ಪಲ್ಯವೂ ಚೆನ್ನಾಗಿರುತ್ತದೆ. ಊಟಕ್ಕೆ ಒಳ್ಳೆಯದೇ. ಅದರಿಂದ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಬಿಸಿ ಹತ್ತುವುದಕ್ಕೂ ಅಷ್ಟಕ್ಕಷ್ಟೆ. ನಿಜವಾಗಿ ಹಾರ್ಮೋನಿನ ಥರ ಕೆಲಸ ಮಾಡುವುದಾದರೆ ಅದಕ್ಕೂ ಸೈಡ್ ಎಫೆಕ್ಟ್ ಇರಲೇಬೇಕಲ್ವಾ? ಆ 2,400 ರೂಪಾಯಿಯಲ್ಲಿ ಮನೆಗೆ ಒಂದು ಬಿಪಿ ಯಂತ್ರ ಬರುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ 52. ಡಾಕ್ಟರು ಹಾರ್ಮೋನ್ ಜೆಲ್, ಜೊತೆಗೆ ರಾತ್ರಿಗೆ ಒಂದು ಮಾತ್ರೆ ಬರೆದರು. ಮೆಡಿಕಲ್ ಅಂಗಡಿಯವನು ‘ಇದು ಡೇಂಜರ್ ಸಾರ್’ ಅಂದ. ಡಬ್ಬದ ಒಳಗಿನ ಕಾಗದದಲ್ಲೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಂತ ದಪ್ಪಕ್ಷರದಲ್ಲಿ ಇದೆ. ನಾನು ಬೇಡ ಅಂದೆ. ಅವಳು ಈಗ ನನ್ನ ಜೊತೆ ಮಾತೇ ಆಡುತ್ತಿಲ್ಲ. (ಚಿಕ್ಕಮಗಳೂರು)

ಉತ್ತರ: ಮಾತಾಡದಿದ್ದರೆ ಆಶ್ಚರ್ಯ ಇಲ್ಲ ಸಾರ್. ನಿದ್ದೆ ಇಲ್ಲದೆ ಒದ್ದಾಡುತ್ತಿರುವವರು ಅವರು, ಬೇಡ ಅಂದವರು ನೀವು.

ಆ ದಪ್ಪಕ್ಷರದ ಚರಿತ್ರೆ ಹೀಗಿದೆ. 2002ರ ಗಲಾಟೆ ಆದ ಮೇಲೆ 2003ರಲ್ಲಿ ಅಮೆರಿಕದ ಔಷಧಿ ಇಲಾಖೆ ಎಲ್ಲ ಬಗೆಯ ಈಸ್ಟ್ರೋಜನ್ನಿಗೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಮಾತ್ರೆಗೂ ಅದೇ, ಜೆಲ್ಲಿಗೂ ಅದೇ, ಮೇಲೆ ಬೇಲೂರಿನವರು ಕೇಳಿದ ಕ್ರೀಮಿಗೂ ಅದೇ. 2025ರ ನವೆಂಬರಿನಲ್ಲಿ ಅದೇ ಇಲಾಖೆ, ಹೃದಯ ಮತ್ತು ಸ್ತನ ಕ್ಯಾನ್ಸರಿನ ಆ ಚೌಕಟ್ಟನ್ನು ತೆಗೆಸುತ್ತೇವೆ ಅಂತ ಪ್ರಕಟಿಸಿತು. ತೆಗೆಸುವುದು ಸರಿಯೇ. ಆದರೆ ಅದರ ಜೊತೆಗೆ ಹೃದಯಕ್ಕೆ ದೊಡ್ಡ ಲಾಭ ಇದೆ ಅನ್ನುವ ಮಾತು ಮತ್ತೆ ಎದ್ದಿರುವುದು ನನಗೆ ಹಿಡಿಸಲಿಲ್ಲ, ತೊಂಬತ್ತರ ದಶಕದ ಮೆಡಿಕಲ್ ರೆಪ್‌ಗಳ ದನಿ ಕೇಳಿದ ಹಾಗಾಯಿತು. ಕಾಯಿಲೆ ತಡೆಯುವ ಉದ್ದೇಶಕ್ಕೆ ಹಾರ್ಮೋನ್ ಬೇಡ ಅಂತ ಅಮೆರಿಕದ್ದೇ ಇನ್ನೊಂದು ತಜ್ಞರ ಸಮಿತಿ 2022ರಲ್ಲೂ ಹೇಳಿದೆ. ಅದೇ 2002ರ ಅಧ್ಯಯನದ ಹೆಂಗಸರನ್ನು 18 ವರ್ಷದವರೆಗೂ ಹಿಂಬಾಲಿಸಿ ನೋಡಿದಾಗ ಮಾತ್ರೆ ತಗೊಂಡವರಲ್ಲಿ ಸಾವು ಜಾಸ್ತಿಯೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ನಾನು ನಿಂತಿರುವುದು ಅಲ್ಲೇ.

ನಿಮ್ಮ ಮನೆಯವರ ಡಾಕ್ಟರು ಜೆಲ್ ಆರಿಸಿದ್ದಾರೆ, ಗರ್ಭಕೋಶಕ್ಕೆ ಮಾತ್ರೆ ಸೇರಿಸಿದ್ದಾರೆ, ತಿಳಿದವರು ಬರೆದ ಚೀಟಿ ಅನ್ನಿಸುತ್ತದೆ. ಶುರು ಮಾಡುವ ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್, ಒಂದು ಮ್ಯಾಮೋಗ್ರಾಂ ಆಗಿದೆಯಾ ಕೇಳಿ. ಇನ್ನೊಂದು ವಿಷಯ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಬಸುರಿಯಲ್ಲಿ ಅವರಿಗೆ ಬಿಪಿ ಏರಿತ್ತಾ, ಶುಗರ್ ಬಂದಿತ್ತಾ? ಹೆರಿಗೆ ಆದ ಮೇಲೆ ಸರಿಹೋಯಿತು ಅಂತ ಎಲ್ಲರೂ ಮರೆಯುತ್ತಾರೆ. ಬಸುರಿಯಲ್ಲಿ ಬಿಪಿ ಏರಿ ನಂಜಾದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಸುಮಾರು ಎರಡು ಪಟ್ಟು. ನಮ್ಮ ಕಡೆ ತಾಯಿ ಕಾರ್ಡನ್ನು ಮಗುವಿನ ಇಂಜೆಕ್ಷನ್ ಮುಗಿದ ಮೇಲೆ ಬಿಸಾಡುತ್ತಾರೆ, ಸಿಕ್ಕರೆ ತೆಗೆದು ಓದಿ.

ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಇನ್ನೂ ಬೇಕಾ ಅಂತ ಕೇಳಬೇಕು. ನೀವು ಮನೆಯೊಳಗೆ ಸಿಗರೇಟು ಸೇದುವವರಾದರೆ ಹೆಂಡತಿಯ ಹೃದಯಕ್ಕೆ ಜೆಲ್ಲಿಗಿಂತ ದೊಡ್ಡ ಡೇಂಜರ್ ನೀವೇ. ಮೊದಲು ಹೋಗಿ ಆ ಜೆಲ್ ತಂದುಕೊಡಿ.

ಪ್ರಶ್ನೆ: 51 ವರ್ಷ, ಬಿಪಿ ಮಾತ್ರೆ ತಗೊಳ್ಳುತ್ತೇನೆ, ಆಗಾಗ ಬಿಸಿ ಹತ್ತಿ ಎದೆ ಡವಡವ ಅನ್ನುತ್ತದೆ. ಇಸಿಜಿ, ಥೈರಾಯ್ಡ್, ರಕ್ತ ಎಲ್ಲಾ ಸರಿ ಇದೆ ಅಂದರು. ಹಾಸನಾಂಬೆಯ ದರ್ಶನಕ್ಕೆ ಈ ಸಲ ಸಾಲಿನಲ್ಲಿ ನಿಲ್ಲಬಹುದಾ? (ಅರಸೀಕೆರೆ)

ಉತ್ತರ: ಎಲ್ಲಾ ಸರಿ ಇದ್ದರೆ ಆ ಡವಡವ ಬಿಸಿಯ ಜೊತೆ ಬಂದು ಬಿಸಿಯ ಜೊತೆಗೇ ಹೋಗುವಂಥದ್ದು, ಹೆದರಬೇಡಿ. ನಿಲ್ಲಬಹುದು. ಬೆಳಗಿನ ಬಿಪಿ ಮಾತ್ರೆ ತಪ್ಪಿಸಬೇಡಿ, ಉಪವಾಸ ಅಂತ ನೀರನ್ನೂ ಬಿಡಬೇಡಿ. ಆ ಕಟಕಟೆಯ ಸಾಲಿನಲ್ಲಿ ಗಾಳಿ ಆಡುವುದಿಲ್ಲ, ರೇಷ್ಮೆ ಸೀರೆ ಮನೆಯಲ್ಲೇ ಇರಲಿ, ಹತ್ತಿಯದ್ದು ಉಡಿ. ಶನಿವಾರ ಭಾನುವಾರ ಬಿಟ್ಟು ಬನ್ನಿ.